ಡಿಗ್ರಿ ಒಂದೇ ಸಾಲದು
ಸರ್ಕಾರಿ ಕಟ್ಟಡಗಳ ಎಸಿ ತಪಾಸಣೆ ಮಾಡುವವರಿಗೆ ಮೆಕ್ಯಾನಿಕಲ್ ಡಿಗ್ರಿ ಇದ್ದರೆ ಸಾಕು ಎಂದು ಬರೆದಿದ್ದೀರಿ, ನಾನು ಒಪ್ಪುವುದಿಲ್ಲ. ಪೀಣ್ಯದಲ್ಲಿ 14 ವರ್ಷದಿಂದ ಎಸಿ ಕೆಲಸವನ್ನೇ ಮಾಡುತ್ತಿದ್ದೇನೆ. ಗೇಜ್ ಹಾಕಿ ಗ್ಯಾಸ್ ಪ್ರೆಷರ್ ನೋಡಲು ಬಾರದವರು ಸುಮ್ನೆ ಫಾರಂ ತುಂಬಿ ಹೋಗುತ್ತಾರೆ. ಐಟಿಐನಲ್ಲಿ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಕೋರ್ಸೇ 2 ವರ್ಷದ್ದು, ಅದನ್ನು ಓದಿ ಫೀಲ್ಡ್‌ನಲ್ಲಿ ಪಳಗಿದವರಿಗೂ ಅವಕಾಶ ಕೊಡಬೇಕು ಅಲ್ವಾ? ಈಗ ಹೊಸ ಸ್ಪ್ಲಿಟ್ ಎಸಿಗಳಲ್ಲಿ ಜಾಸ್ತಿ ಬರುವುದು ಆರ್-32 ಎಂಬ ತಂಪು ಮಾಡುವ ಗ್ಯಾಸ್. ಅದು ಹಳೆಯ ಆರ್-22ರ ಹಾಗಲ್ಲ, ಪ್ರೆಷರ್ ಜಾಸ್ತಿ, ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗುಣವೂ ಇದೆ, ಮುಚ್ಚಿದ ಚಿಕ್ಕ ಕೋಣೆಯಲ್ಲಿ ಲೀಕ್ ಆದರೆ ಅಪಾಯ. ಅಮೆರಿಕದಲ್ಲಿ ಎಸಿಯ ಗ್ಯಾಸ್ ಲೈನ್ ಬಿಚ್ಚುವ ಟೆಕ್ನಿಷಿಯನ್ ಸೆಕ್ಷನ್ 608 ಎಂಬ, ಈ ಗ್ಯಾಸ್‌ಗಳನ್ನು ನಿಭಾಯಿಸುವ ಬಗೆಗಿನ ಪರೀಕ್ಷೆ ಪಾಸಾಗಿರಲೇಬೇಕು. ಇಲ್ಲಿ ತಪಾಸಣೆಗೆ ಬರುವವರಿಗೂ ಅಂಥದ್ದೊಂದು ಪರೀಕ್ಷೆ ಇಡಿ, ಬಾಯಿಪಾಠದ್ದಲ್ಲ, ಮಷೀನ್ ಮುಂದೆ ನಿಲ್ಲಿಸಿ.