ಉಲ್ಟಾ ಜೋಗ ನೋಡ್ಲಿಕ್ಕೆ ಬನ್ನಿ

ಶರಾವತಿನ ಬೆಂಗಳೂರಿಗೆ ಒಯ್ಯೋ ಯೋಜನೆಗೆ ಸಾವೇ ಇಲ್ಲ ಮಾರಾಯ್ರೆ. 2019ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆಗೆ ಜಿಲ್ಲೆನೇ ಬಂದ್ ಮಾಡಿ, ಅಂಗಡಿ ಬಾಗಿಲು ಎಳೆದು, ಮಳೇಲಿ ಕೂಗಿದ್ದು ಕೂಗಿ ಮನೆಗೆ ಬಂದ್ವಿ, ಮುಗೀತು ಅಂದ್ಕೊಂಡ್ವಿ, ಆಮೇಲೆ ನೋಡಿದ್ರೆ ಫೈಲು ಸತ್ತಿರ್ಲಿಲ್ಲ, ಕವುಚಿ ಮಲಗಿತ್ತು ಅಷ್ಟೆ. ಎರಡು ಬೇಸಿಗೆ ಕಳೆದ್ರೆ ಎದ್ದು ಕೂತು ಮತ್ತೆ ಡಿಪಿಆರ್ (ಯೋಜನೆಯ ವಿವರ ವರದಿ) ಕೇಳ್ತದೆ.

ನಾನೀಗ ವಿರೋಧ ಮಾಡೋದೇ ಬಿಟ್ಟಿದೀನಿ, ಲೆಕ್ಕ ಹಾಕಿ ನೋಡಿ ಫ್ಯಾನ್ ಆಗಿದೀನಿ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಡ್ಯಾಮ್ ಫುಲ್ ಆದ್ರೆ ನೀರು ಸಮುದ್ರಮಟ್ಟದಿಂದ 1819 ಅಡಿ. ಬೆಂಗಳೂರು ಕೂತಿರೋದು ಹತ್ತತ್ರ 3000 ಅಡಿ ಮೇಲೆ. ಅಂದ್ರೆ ಸುಮಾರು 1200 ಅಡಿ ಎತ್ತಬೇಕು. ಜೋಗ ಬೀಳೋದೇ 830 ಅಡಿ! ಒಂದು ಜೋಗನ ತಲೆಕೆಳಗೆ ನಿಲ್ಸಿ ಅದರ ನೆತ್ತಿ ಮೇಲೆ ಇನ್ನೊಂದು ಅರ್ಧ ಜೋಗ ಹೊರಿಸ್ಬೇಕು. ಬೀಳೋ ಜೋಗ ನೋಡ್ಲಿಕ್ಕೇ ಇಷ್ಟು ಜನ ಬರ್ತಾರೆ, ಏರೋ ಜೋಗಕ್ಕೆ ಟಿಕೆಟ್ ಇಟ್ರೆ ಖರ್ಚು ಅಲ್ಲೇ ಹುಟ್ಟಬಹುದು.

ಇನ್ನೂ ಚಂದ ಇರೋದು ಕರೆಂಟಿನ ವಿಷ್ಯ. ಇದೇ ನೀರು ಅದರ ಪಾಡಿಗೆ ಪಡುವಣಕ್ಕೆ ಇಳಿದ್ರೆ ಡ್ಯಾಮ್ ಬುಡದಲ್ಲಿ 55 ಮೆಗಾವ್ಯಾಟ್ ಪವರ್‌ಹೌಸು, ತಲಕಳಲೆ ಅನ್ನೋ ಇನ್ನೊಂದು ಜಲಾಶಯ ದಾಟಿ ಇಳಿದ್ರೆ 1035 ಮೆಗಾವ್ಯಾಟಿಂದು, ಗೇರುಸೊಪ್ಪದಲ್ಲಿ ಮತ್ತೆ 240. ಮೂರೂ ಕಡೆ ದುಡಿದು ಸಮುದ್ರ ಸೇರ್ತದೆ. ಮೂಡಣಕ್ಕೆ ಹೊರಟ್ರೆ ಒಂದು ಯೂನಿಟ್ಟೂ ಇಲ್ಲ, ದಾರಿ ಉದ್ದಕ್ಕೂ ಅದಕ್ಕೇ ಕರೆಂಟ್ ತಿನ್ನಿಸ್ಬೇಕು. ಆ ಕಡೆ ಗೇರುಸೊಪ್ಪದ ನೀರನ್ನ ಮತ್ತೆ ತಲಕಳಲೆಗೆ ಎತ್ತಿ, ಬೇಕಾದಾಗ ಇಳಿಸಿ ಕರೆಂಟ್ ತೆಗೆಯೋ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಬೇರೆ ಪ್ಲ್ಯಾನಲ್ಲಿದೆ. ಒಬ್ರು ಮೇಲಕ್ಕೆ, ಒಬ್ರು ಕೆಳಕ್ಕೆ, ಇನ್ನೊಬ್ರು ಪಕ್ಕಕ್ಕೆ. ಹೊಳೆಗೆ ಹರಿಯೋಕೆ ಪುರುಸೊತ್ತೇ ಇಲ್ಲ.

ನಮ್ಮ ಅಜ್ಜಂದ್ರು ಗುಡ್ಡದ ಅಬ್ಬಿ ನೀರನ್ನ ಅಡಿಕೆ ದಬ್ಬೆ ಸಾಲಾಗಿಟ್ಟು ಬಚ್ಚಲಿಗೆ ತರ್ತಿದ್ರು. ಪಾಪ, ನೀರು ಇಳಿಜಾರಿಗೆ ಮಾತ್ರ ಹರಿಯೋದು ಅನ್ನೋ ಹಳೇ ಕಾಲದ ನಂಬಿಕೆ.

ಸಮುದ್ರಕ್ಕೆ ವೇಸ್ಟ್ ಆಗಿ ಹೋಗ್ತದಲ್ಲ ಅಂತಾರೆ. ಹೊನ್ನಾವರದ ಅಳಿವೇಲಿ ಮೀನು ಹಿಡಿಯೋರು, ಉಪ್ಪು ನೀರು ತೋಟಕ್ಕೆ ನುಗ್ಗದ ಹಾಗೆ ಹೊಳೆ ತಳ್ಳಿ ಹಿಡಿಯೋದು, ಎಲ್ಲ ವೇಸ್ಟು. ಯೂಸು ಅಂದ್ರೆ ಬೆಂಗಳೂರಿಗೆ ಬಂದು ಕಾರು ತೊಳೆದು ಮೋರಿಗೆ ಹೋಗೋದು. 1894ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ ಅಂತ ಆ ಊರಿಗೇ ಅರ್ಕಾವತಿ ನೀರು ಇತ್ತು. ಅದನ್ನ ಕೆಡಿಸಿ ಆಯ್ತು, ಕಾವೇರಿ ಸಾಲ್ಲಿಲ್ಲ, ಈಗ ನಮ್ಮ ಪಾಳಿ.

ನದಿಗೆ ನದಿ ಕೊಡು-ಕೊಳ್ಳು ವ್ಯವಹಾರನೂ ನಮ್ಮ ಜಿಲ್ಲೆಗೆ ಹೊಸತಲ್ಲ. ಭದ್ರಾ ಮೇಲ್ದಂಡೆ ಯೋಜನೆಗೆ ತುಂಗೆಯಿಂದ 17.4 ಟಿಎಂಸಿ ಎತ್ತಿ ಭದ್ರೆಗೆ ಹಾಕೋದು, ಅಲ್ಲಿಂದ 29.9 ಟಿಎಂಸಿ ಚಿತ್ರದುರ್ಗದ ಕಡೆಗೆ. ಆ ಸೀಮೆಯವ್ರ ಬಾಯಾರಿಕೆ ನಿಜ, ಅದಕ್ಕೆ ನಾನು ನಗಲ್ಲ. ಆದ್ರೂ ಕೂಡ್ಲಿಗೆ ಹೋದ್ರೆ ತುಂಗೆ-ಭದ್ರೆ ಪುಕ್ಕಟೆ ಸೇರ್ತಾರಲ್ಲ, ಇವ್ರು ಮೋಟ್ರು ಇಟ್ಟು ಮೊದಲೇ ಸೇರಿಸ್ತಾರೆ.

ಖರ್ಚು ಎಷ್ಟು ಅಂತ ಯಾರೂ ಕೇಳ್ಬೇಡಿ. ಘಟ್ಟದ ನೀರನ್ನ ಕೋಲಾರದ ಕಡೆ ಒಯ್ಯೋ ಎತ್ತಿನಹೊಳೆ ಯೋಜನೆ 2012ರಲ್ಲಿ 8,323 ಕೋಟಿ ಇದ್ದಿದ್ದು 2014ಕ್ಕೆ 12,912 ಆಗಿ, 2023ಕ್ಕೆ 23,251 ಕೋಟಿ ಆಯ್ತು. ನೀರು ಏರೋಕಿಂತ ಮೊದಲು ಎಸ್ಟಿಮೇಟ್ ಏರ್ತದೆ, ಅದಕ್ಕೆ ಪಂಪೂ ಬೇಡ.

ಲಿಂಗನಮಕ್ಕಿ ಕಟ್ಟಿದ್ದು 1964ರಲ್ಲಿ. ಮುಳುಗಡೆ ಆದವ್ರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೀತಿದಾರೆ. ಹಿನ್ನೀರಿನಾಚೆಯ ತುಮರಿಯವ್ರು ಲಾಂಚಲ್ಲಿ ದಾಟಿ ದಾಟಿ, ಸಿಗಂದೂರು ಸೇತುವೆ ಬಂದಿದ್ದು 2025ಕ್ಕೆ. ಹಿನ್ನೀರು ಅಂಗಳದಿಂದ ಕಾಣೋ ಊರಲ್ಲಿ ಏಪ್ರಿಲ್‌ಗೆ ಬಾವಿ ತಳ ಕಂಡು ಟ್ಯಾಂಕರ್ ಕಾಯ್ತೀವಿ. ಪೈಪು ನಮ್ಮ ಗದ್ದೆ ಬದಿಗೇ ಹೋಗೋದಾದ್ರೆ ದಾರೀಲಿ ಒಂದು ನಲ್ಲಿ ಬಿಟ್ಟು ಹೋಗಿ ಅಂತ ಅರ್ಜಿ ಬರೆದಿಟ್ಟಿದೀನಿ. ಎಲ್ಲಿ ಕೊಡೋದು ಅಂದ್ರೆ ಬೆಂಗಳೂರಿಗೇ ಬನ್ನಿ ಅಂತಾರೆ. ಬರ್ತೀವಿ ಬಿಡಿ, 1200 ಅಡಿ ಹತ್ತೋಕೆ ನಮಗೆ ರಾತ್ರಿ ಬಸ್ಸೇ ಸಾಕು.