ಜಾವಾ ತಲೆಗಂದಾಯ

ನಿಮ್ಮ ಕಂಪನಿಯಲ್ಲಿ ನೆಲ ಒರೆಸುವವರು ಜಾವಾ ಬಳಸುತ್ತಾರೆಯೇ? ಇಲ್ಲ ಎನ್ನುವ ಮುನ್ನ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ, ಅದನ್ನು ಓಡಿಸುವ ಸಾಫ್ಟ್‌ವೇರಿನ ಒಡೆಯ ಒರಾಕಲ್ ಕಂಪನಿಯ ದರಪಟ್ಟಿ ನೋಡಿ. 2023ರ ಜನವರಿಯಿಂದ ಜಾವಾ ಚಂದಾ ಪ್ರೊಸೆಸರಿಗೆ ಇಷ್ಟು, ಬಳಕೆದಾರನಿಗೆ ಇಷ್ಟು ಎಂದಲ್ಲ, ನೌಕರರ ತಲೆಗೆ ಇಷ್ಟು. ಪೂರ್ಣಾವಧಿಯವರು, ಅರೆಕಾಲಿಕರು, ತಾತ್ಕಾಲಿಕರು, ಸಾಲದೆಂಬಂತೆ ಕಂಪನಿಯ ಒಳಗಿನ ಕೆಲಸಕ್ಕೆ ನೆರವಾಗುವ ಗುತ್ತಿಗೆದಾರರು, ಸಲಹೆಗಾರರು ಎಲ್ಲರೂ ಎಣಿಕೆಗೆ. ನಿಜಕ್ಕೂ ಬಳಸುವವರ ಸಂಖ್ಯೆಯಷ್ಟೇ ಅಲ್ಲ, ಇಡೀ ನೌಕರರ ಸಂಖ್ಯೆಯೇ ಲೆಕ್ಕ ಎಂದು ಪಟ್ಟಿಯೇ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಮೂಲೆಯಲ್ಲಿ ಒಂದೇ ಒಂದು ಸರ್ವರ್ ಓಡುತ್ತಿದ್ದರೂ ಅಷ್ಟೇ.

999 ಮಂದಿಯವರೆಗೆ ತಲೆಗೆ ತಿಂಗಳಿಗೆ 15 ಡಾಲರ್, ಸಾವಿರ ಮುಟ್ಟಿದರೆ 12. ಅಂದರೆ 999 ಜನರ ಕಂಪನಿಗೆ ತಿಂಗಳಿಗೆ 14,985 ಡಾಲರ್, 1,000 ಜನರ ಕಂಪನಿಗೆ 12,000. ಒಬ್ಬರನ್ನು ನೇಮಿಸಿಕೊಂಡು, ತಿಂಗಳಿಗೆ 2,985 ಡಾಲರ್ ಸಂಬಳ ಕೊಟ್ಟು, ಸುಮ್ಮನೆ ಕೂರಿಸಿದರೂ ನಷ್ಟವಿಲ್ಲ. ಜಾವಾ ಉದ್ಯೋಗ ಸೃಷ್ಟಿಸುತ್ತದೆ ಎನ್ನುವುದು ಇದಕ್ಕೇ ಇರಬೇಕು.

ಜಾವಾದ ಕೋಡೇನು ಗುಟ್ಟಿನದೇ? ಅಲ್ಲ. ಜಾವಾ ಹುಟ್ಟಿಸಿದ ಸನ್ ಕಂಪನಿ 2006ರಲ್ಲೇ ಇದನ್ನು ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಜಿಪಿಎಲ್ ಲೈಸೆನ್ಸಿನ ಅಡಿ ಬಿಡುಗಡೆ ಮಾಡುವುದಾಗಿ ಸಾರಿತು. ಸನ್ ಅನ್ನು ಒರಾಕಲ್ ಕೊಂಡದ್ದು 2010ರಲ್ಲಿ. ಓಪನ್‌ಜೆಡಿಕೆ ಎಂಬ ಅದೇ ಮುಕ್ತ ಮೂಲದಿಂದ ಬೇರೆಯವರು ಕಟ್ಟಿದ ಟೆಮುರಿನ್, ಕೊರೆಟ್ಟೊ ಎಂಬ ಜಾವಾಗಳು ಪುಕ್ಕಟೆ ಸಿಗುತ್ತವೆ.

ನಿಜವಾದ ಕೈಚಳಕ ಇರುವುದು ಸುರಕ್ಷತಾ ಅಪ್‌ಡೇಟಿನಲ್ಲಿ. ಜಾವಾ 8ರ 202ನೇ ಅಪ್‌ಡೇಟ್ ಹಳೆಯ ಲೈಸೆನ್ಸಿನದು. 2019ರ ಏಪ್ರಿಲ್‌ನಲ್ಲಿ ಬಂದ 211ನೆಯದು ಹೊಸ ಲೈಸೆನ್ಸಿನದು: ಸ್ವಂತ ಬಳಕೆಗೆ, ಪ್ರೋಗ್ರಾಂ ಬರೆದು ಪರೀಕ್ಷಿಸಲು ಪುಕ್ಕಟೆ, ವ್ಯವಹಾರಕ್ಕೆ ಇಳಿಸಿದರೆ ಕಾಸು. ಜಾವಾ 17ರದ್ದೂ ಇದೇ ಕಥೆ. 17.0.12ರ ತನಕ ಉಚಿತ, 2024ರ ಅಕ್ಟೋಬರಿನ 17.0.13 ಹಾಕಿದ ಗಳಿಗೆಯಿಂದ ಷರತ್ತು ಬೇರೆ. ಕಾಫಿ ಕಪ್ಪಿನ ಐಕಾನ್ ಮಾತ್ರ ಅದೇ. ತೇಪೆ ಹಚ್ಚಿದರೆ ಬಿಲ್ಲು, ಹಚ್ಚದಿದ್ದರೆ ತೂತು. ಅತ್ತ ದರಿ, ಇತ್ತ ಪುಲಿ, ಎರಡಕ್ಕೂ ಒಬ್ಬನೇ ಮಾಲೀಕ.

ಒರಾಕಲ್ ಮನೆಗೆ ಅಪ್‌ಡೇಟಿನ ವಿಷಯದಲ್ಲಿ ಹಳೆಯ ಕೀರ್ತಿಯೂ ಇದೆ. ವಿಂಡೋಸ್‌ನಲ್ಲಿ ಜಾವಾದ ತೂತು ಮುಚ್ಚಲು ಹೋದವರಿಗೆ ಮೊದಲೇ ಟಿಕ್ ಹಾಕಿಟ್ಟ, ಬ್ರೌಸರಿಗೆ ಅಂಟಿಕೊಳ್ಳುವ ಆಸ್ಕ್ ಟೂಲ್‌ಬಾರ್ ಗಂಟು ಬೀಳುತ್ತಿತ್ತು. 2015ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇನ್ನೊಂದು ಆರೋಪ ಹೊರಿಸಿತು: ಅಪ್‌ಡೇಟ್ ಮಾಡಿದರೆ ಸುರಕ್ಷಿತ ಎಂದು ಹೇಳುತ್ತಲೇ, ತೂತುಬಿದ್ದ ಹಳೆಯ ಆವೃತ್ತಿಗಳನ್ನು ಕಂಪ್ಯೂಟರಿನಲ್ಲೇ ಉಳಿಸುತ್ತಿದ್ದರು ಎಂದು. ಪ್ರಕರಣ ರಾಜಿಯಲ್ಲಿ ಮುಗಿಯಿತು.

ಒರಾಕಲ್‌ನ ಜಾವಾ ಬಿಟ್ಟು ಹೊರಡುವವರು ಮೊದಲು ಟರ್ಮಿನಲ್‌ನಲ್ಲಿ ಜಾವಾದ ವರ್ಷನ್ ಕೇಳಬೇಕು. ಉತ್ತರದಲ್ಲಿ ಓಪನ್‌ಜೆಡಿಕೆ ಎಂದಿದ್ದರೆ ಸರಿ, 'ಜಾವಾ ಟಿಎಂ ಎಸ್‌ಇ' ಎಂದಿದ್ದರೆ ಅದು ಒರಾಕಲ್‌ನದು. ಆದರೆ ಇದು ಪಾತ್‌ನಲ್ಲಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಂ ಹುಡುಕುವ ಫೋಲ್ಡರುಗಳ ಪಟ್ಟಿಯಲ್ಲಿ, ಮೊದಲು ಸಿಗುವ ಜಾವಾದ ಮಾತಷ್ಟೇ. ಇತರ ಸಾಫ್ಟ್‌ವೇರ್‌ಗಳ ಹೊಟ್ಟೆಯಲ್ಲಿ ಕೂತಿರುವ ಜೆಆರ್‌ಇಗಳನ್ನು (ಜಾವಾ ಪ್ರೋಗ್ರಾಂ ಓಡಿಸುವ ಭಾಗಗಳನ್ನು) ಡಿಸ್ಕೆಲ್ಲ ಜಾಲಾಡಿ ಹುಡುಕಬೇಕು. ಜಾವಾ 8ರಲ್ಲಿ ಕಿಟಕಿ, ಗುಂಡಿ ಚಿತ್ರಿಸುವ ಜಾವಾಎಫ್‌ಎಕ್ಸ್, ವೆಬ್‌ನಿಂದ ಪ್ರೋಗ್ರಾಂ ಇಳಿಸಿ ಓಡಿಸುವ ವೆಬ್ ಸ್ಟಾರ್ಟ್ ನೆಚ್ಚಿಕೊಂಡವರಿಗೆ ಟೆಮುರಿನ್‌ನಲ್ಲಿ ಅವೆರಡೂ ಸಿಗುವುದಿಲ್ಲ.

ಬದಲಾಯಿಸಿದ ಮಾರನೆಯ ದಿನ ಬರುವ ದೂರು ಸಾಮಾನ್ಯವಾಗಿ ಒಂದೇ: 'ಪಿಕೆಐಎಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್', ಅಂದರೆ ಎದುರಿನ ಸರ್ವರಿನ ಸರ್ಟಿಫಿಕೇಟನ್ನು ಜಾವಾ ನಂಬುತ್ತಿಲ್ಲ. ಹಿಂದೆ ಯಾರೋ ಕಂಪನಿಯ ಸ್ವಂತ ಸರ್ಟಿಫಿಕೇಟನ್ನು ಹಳೆಯ ಜಾವಾ ನಂಬುವ ಸರ್ಟಿಫಿಕೇಟುಗಳ ಸಿಎಸರ್ಟ್ಸ್ ಫೈಲಿಗೆ ಸೇರಿಸಿರುತ್ತಾರೆ, ಹೊಸ ಜಾವಾ ತನ್ನದೇ ಫೈಲು ತಂದಿರುತ್ತದೆ. ಜಾವಾದ ಜೊತೆಗೇ ಬರುವ ಕೀಟೂಲ್‌ನಿಂದ ಹಳೆಯ ಫೈಲಿನಿಂದ ಎಕ್ಸ್‌ಪೋರ್ಟ್, ಹೊಸದಕ್ಕೆ ಇಂಪೋರ್ಟ್, ಸರ್ವರ್ ರೀಸ್ಟಾರ್ಟ್, ಕೆಲಸ ಇಷ್ಟೇ. ಅಷ್ಟಕ್ಕೂ ಬೇಸರಪಟ್ಟು, ಸರ್ಟಿಫಿಕೇಟ್ ತಪಾಸಣೆಯನ್ನೇ ಆಫ್ ಮಾಡುವ ನಾಲ್ಕು ಸಾಲು ಕೋಡ್ ಅಂಟಿಸಿ, ಮೇಲೆ 'ತಾತ್ಕಾಲಿಕ' ಎಂದು ಕಾಮೆಂಟ್ ಬರೆಯುವ ಮಹಾನುಭಾವರಿದ್ದಾರೆ. ಆ ನಾಲ್ಕು ಸಾಲನ್ನು ತೆಗೆಯುವ ಅಪ್‌ಡೇಟ್ ಕಾಸು ಕೊಟ್ಟರೂ ಬರುವುದಿಲ್ಲ, ಕೊಡದಿದ್ದರೂ ಬರುವುದಿಲ್ಲ.