ಮನುಷ್ಯರಿಗೂ ಚೊಗರು

ಭಾನುವಾರದ ಪತ್ರಿಕೆಯ ಮಡಿಕೆಯಿಂದ ಜಾರಿ ಕಾಫಿ ಲೋಟದ ಪಕ್ಕಕ್ಕೆ ಬಿದ್ದ ಆ ಗುಲಾಬಿ ಕರಪತ್ರವನ್ನು ಶಿವಮೊಗ್ಗದ ಅರ್ಧ ಊರು ಓದಿರುವುದರಿಂದ ಅದರ ಪೂರ್ತಿ ಪಾಠವನ್ನು ಇಲ್ಲಿ ಕೊಡಬೇಕಾಗಿಲ್ಲ. ನಗರದ ಸೌಂದರ್ಯ ಕೇಂದ್ರವೊಂದು ದರಪಟ್ಟಿಯ ಎರಡನೆಯ ಸಾಲಿನಲ್ಲಿ ‘ಡಿ-ಟ್ಯಾನ್’ ಎಂದೂ ಒಂಬತ್ತನೆಯ ಸಾಲಿನಲ್ಲಿ ‘ಸನ್‌ಕಿಸ್ಡ್ ಟ್ಯಾನ್, ಯಂತ್ರ ಅಥವಾ ಸ್ಪ್ರೇ’ ಎಂದೂ ಅಚ್ಚು ಹಾಕಿಸಿದೆ. ಬಿಸಿಲಿನ ಬಣ್ಣವನ್ನು ತೆಗೆಯಲು ಒಂದು ದರ, ಅದೇ ಬಣ್ಣವನ್ನು ಬರಿಸಲು ಅದರ ನಾಲ್ಕು ಪಟ್ಟು. ಎರಡನ್ನೂ ಒಟ್ಟಿಗೆ ಮಾಡಿಸಿಕೊಂಡರೆ ರಿಯಾಯಿತಿ ಉಂಟೇ ಎಂಬುದನ್ನು ಮಾತ್ರ ತಿಳಿಸಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಿರುವ ಜಿಲ್ಲೆಯಲ್ಲಿ, ಸೂರ್ಯಾಸ್ತ ನೋಡಲು ಹೋಗಿ ಮಂಜು ನೋಡಿಕೊಂಡು ಬಂದವರ ನಡುವೆ, ಬಿಸಿಲನ್ನು ಕೊಠಡಿಯೊಳಗೆ ಮಾರುವ ಈ ಉದ್ಯಮಶೀಲತೆಗೆ ಮೊದಲು ಕೈಮುಗಿಯುತ್ತೇನೆ.

ಮಲೆನಾಡಿನವರಿಗೆ ಈ ವಿದ್ಯೆ ಹೊಸದೇನಲ್ಲ. ಅದನ್ನು ನಾವು ಇಲ್ಲಿಯವರೆಗೆ ಅಡಿಕೆಯ ಮೇಲೆ ಮಾತ್ರ ಪ್ರಯೋಗಿಸುತ್ತಿದ್ದೆವು. ಸುಲಿದ ಹಸಿ ಅಡಿಕೆಯನ್ನು ಹಂಡೆಗೆ ಸುರಿದು, ಹಿಂದಿನ ಬೇಯಿಸುವಿಕೆಗಳಿಂದ ಉಳಿದು ಗಟ್ಟಿಯಾದ ಕೆಂಪು ರಸವನ್ನು, ಅಂದರೆ ಚೊಗರನ್ನು, ಸೇರಿಸಿ, ಹದ ನೋಡಿ ಬೇಯಿಸಿ, ಚಪ್ಪರದ ಮೇಲೆ ಹರವಿ, ಮೋಡ ಕಂಡಾಗಲೆಲ್ಲ ಮನೆಮಂದಿಯೆಲ್ಲ ಓಡಿಹೋಗಿ ಮುಚ್ಚಿ, ಬಿಸಿಲು ಬಂದಾಗ ಮತ್ತೆ ತೆರೆದರೆ ಕೆಂಪಡಿಕೆ ಸಿದ್ಧವಾಗುತ್ತದೆ. ಚೊಗರನ್ನು ಕೆಲವರು ತೊಗರು ಎನ್ನುತ್ತಾರೆ. ಇಂಗ್ಲಿಷಿನ ಟ್ಯಾನ್ ಎಂಬ ಪದವೂ ತೊಗಲನ್ನು ಹದ ಮಾಡಲು ಬಳಸುತ್ತಿದ್ದ ಓಕ್ ಮರದ ತೊಗಟೆಯ ಕಡೆಯಿಂದಲೇ ಬಂದದ್ದು. ತೊಗಲು, ತೊಗಟೆ, ತೊಗರು ಎಂಬ ಮೂರನ್ನೂ ಬಾಯಲ್ಲಿಟ್ಟುಕೊಂಡ ಭಾಷೆಯವರಾದ ನಾವು ಈ ವಿಷಯದಲ್ಲಿ ಯಾರ ಕರಪತ್ರಕ್ಕೂ ಕಾಯಬೇಕಾಗಿರಲಿಲ್ಲ.

ಆದರೆ ಜೀವಂತ ಚರ್ಮ ಕಪ್ಪಾಗುವ ಬಗೆ ಬೇರೆ. ಸೂರ್ಯನ ಅತಿನೇರಳೆ ಕಿರಣಗಳು, ಮುಖ್ಯವಾಗಿ 280ರಿಂದ 315 ನ್ಯಾನೋಮೀಟರಿನ ‘ಬಿ’ ವರ್ಗದವು, ಜೀವಕೋಶದ ಡಿಎನ್‌ಎಗೆ ಪೆಟ್ಟು ಕೊಡುತ್ತವೆ. ಪೆಟ್ಟು ಬಿದ್ದ ಸುದ್ದಿ ತಲುಪಿದ ಮೇಲೆ ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಎಂಬ ಕೋಶಗಳು ಮೆಲನಿನ್ ಎಂಬ ಕಂದು ವರ್ಣದ್ರವ್ಯವನ್ನು ತಯಾರಿಸಿ ಅಕ್ಕಪಕ್ಕದ ಕೋಶಗಳಿಗೆ ಹಂಚುತ್ತವೆ, ಆ ಮೆಲನಿನ್ ಕೋಶಕೇಂದ್ರದ ನೆತ್ತಿಯ ಮೇಲೆ ಹೋಗಿ ಕೂರುತ್ತದೆ. ನೆಟ್ಟಿಗೆ ಬಗ್ಗಿದ ಹೆಂಗಸರ ಬೆನ್ನಿನ ಮೇಲೆ ಮಳೆ ತಡೆಯುವ ಗೊರಬು ಕೂರುತ್ತದಲ್ಲ, ಹಾಗೆ. ಗೊರಬು ಕಂಡಿತೆಂದರೆ ಮಳೆ ಆಗಲೇ ಶುರುವಾಗಿದೆ ಎಂದು ಅರ್ಥ. ‘ಮೊದಲೇ ಸ್ವಲ್ಪ ಟ್ಯಾನ್ ಮಾಡಿಸಿಕೊಂಡರೆ ಆಮೇಲೆ ಬಿಸಿಲು ತಾಗುವುದಿಲ್ಲ’ ಎಂದು ಕರಪತ್ರ ಹೇಳುವ ರಕ್ಷಣೆಯ ಬೆಲೆ, ಸನ್‌ಸ್ಕ್ರೀನ್ ಡಬ್ಬಿಗಳ ಮೇಲೆ ಬಿಸಿಲು ತಡೆಯುವ ಶಕ್ತಿಯನ್ನು ಸೂಚಿಸುವ ಎಸ್‌ಪಿಎಫ್ ಲೆಕ್ಕದಲ್ಲಿ, ಮೂರೋ ನಾಲ್ಕೋ ಅಷ್ಟೆ. ಅಂಗಡಿಯಲ್ಲಿ ಎಸ್‌ಪಿಎಫ್ 4 ಎಂದು ಬರೆದ ಡಬ್ಬಿ ಕೊಟ್ಟರೆ ನಾವು ಅಂಗಡಿಯವನ ಮುಖವನ್ನೇ ನೋಡುತ್ತೇವೆ.

ಕರಪತ್ರದಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿ, ಯಂತ್ರದ ದೀಪ ಯಾವ ತರಂಗಾಂತರದ್ದು ಎಂದು ವಿಚಾರಿಸಿದೆ. “ಸರ್, ಅದು ಇಂಪೋರ್ಟೆಡ್” ಎಂಬ ಉತ್ತರ ಬಂತು. ಸ್ವಲ್ಪ ತಡೆದು, “ವಿಟಮಿನ್ ಡಿ ಕೂಡ ಸಿಗುತ್ತದೆ ಸರ್” ಎಂದು ಆ ಹುಡುಗಿ ಸೇರಿಸಿದಳು. ಇಂತಹ ಯಂತ್ರಗಳ ದೀಪಗಳು ಹೆಚ್ಚಾಗಿ ಸೂಸುವುದು 315ರಿಂದ 400 ನ್ಯಾನೋಮೀಟರಿನ ‘ಎ’ ವರ್ಗದ ಕಿರಣಗಳನ್ನು. ಅವು ಚರ್ಮದ ಆಳಕ್ಕಿಳಿದು ಸುಕ್ಕು ತರುತ್ತವೆಯೇ ಹೊರತು ವಿಟಮಿನ್ ಡಿ ತರುವುದಿಲ್ಲ, ಅದಕ್ಕೆ ‘ಬಿ’ ವರ್ಗವೇ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲಿ ಈ ಯಂತ್ರಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲನೆಯ ಗುಂಪಿಗೆ ಸೇರಿಸಿತು. ಬ್ರೆಜಿಲ್ ಅದೇ ವರ್ಷ ಅವುಗಳನ್ನು ನಿಷೇಧಿಸಿತು, ಆಸ್ಟ್ರೇಲಿಯಾದ ರಾಜ್ಯಗಳು ಒಂದೊಂದಾಗಿ ವಾಣಿಜ್ಯ ಬಳಕೆಯನ್ನು ನಿಲ್ಲಿಸಿದವು.

ಮೊದಲನೆಯ ಗುಂಪು ಎಂದೊಡನೆ ನಮ್ಮ ಕಡೆಯವರ ಮುಖ ಗಂಟಾಗುವುದು ನನಗೆ ಗೊತ್ತಿದೆ, ಏಕೆಂದರೆ ಅದೇ ಸಂಸ್ಥೆ 2004ರ ತನ್ನ ಸಂಪುಟದಲ್ಲಿ ಅಡಿಕೆಯನ್ನೂ ಅದೇ ಗುಂಪಿನಲ್ಲಿ ಕೂರಿಸಿತ್ತು. ಆ ಪಟ್ಟಿಯ ಸುದ್ದಿ ಬಂದಾಗಲೆಲ್ಲ ಮನವಿಪತ್ರ, ಸಭೆ, ಖಂಡನಾ ನಿರ್ಣಯ ಎಲ್ಲವೂ ಕ್ರಮವಾಗಿ ನಡೆಯುತ್ತವೆ. ಸೂರ್ಯನ ಬಿಸಿಲೂ 1992ರಿಂದ ಅಲ್ಲಿಯೇ ಇದೆ, ಸೂರ್ಯನ ಪರವಾಗಿ ಇದುವರೆಗೆ ಯಾರೂ ಮನವಿ ಕೊಟ್ಟಂತಿಲ್ಲ. ನ್ಯಾಯವಾಗಿ ಹೇಳುವುದಾದರೆ, ಆ ಗುಂಪು ತಿಳಿಸುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನೇ ಹೊರತು ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಅಡಿಕೆಯ ಚರ್ಚೆಯಲ್ಲಿ ಈ ವ್ಯತ್ಯಾಸವನ್ನು ನಿರರ್ಗಳವಾಗಿ ವಿವರಿಸಬಲ್ಲ ಮಹನೀಯರು ನಮ್ಮಲ್ಲಿ ಹೋಬಳಿಗೆ ಹತ್ತು ಜನರಿದ್ದಾರೆ. ಅವರಲ್ಲೊಬ್ಬರು ಮಗಳ ಮದುವೆಗೆ ಮೊದಲು ಅವಳನ್ನು ಯಾವ ದೀಪದ ಕೆಳಗೆ ಮಲಗಿಸುತ್ತಿದ್ದೇವೆ ಎಂದು ಕೇಳಿದರೆ ಸಾಕಾಗಿತ್ತು.

ಸ್ಪ್ರೇ ಮಾತ್ರ ಅಷ್ಟು ಕ್ರೂರಿಯಲ್ಲ. ಅದರಲ್ಲಿರುವ ಡೈಹೈಡ್ರಾಕ್ಸಿಅಸಿಟೋನ್ ಎಂಬ ಸಕ್ಕರೆಯ ಗುಣ ಬೆಳಕಿಗೆ ಬಂದ ಕಥೆಯೂ ಸೊಗಸಾಗಿದೆ. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಇವಾ ವಿಟ್ಗೆನ್‌ಸ್ಟೈನ್ ಎಂಬ ವಿಜ್ಞಾನಿ ಅದನ್ನು ಮಕ್ಕಳಿಗೆ ಔಷಧಿಯಾಗಿ ಕುಡಿಸುತ್ತಿದ್ದಾಗ, ಚೆಲ್ಲಿದ ಕಡೆಯಲ್ಲೆಲ್ಲ ಚರ್ಮ ಕಂದಾದದ್ದನ್ನು ಕಂಡರು. ಕಾವಲಿಯ ಮೇಲೆ ದೋಸೆ ಕೆಂಪಗಾಗುವ ರಾಸಾಯನಿಕ ಕ್ರಿಯೆಯೇ ಇಲ್ಲಿ ಚರ್ಮದ ಮೇಲ್ಪದರದ ಸತ್ತ ಕೋಶಗಳಲ್ಲಿ ಒಲೆಯಿಲ್ಲದೆ ನಡೆಯುತ್ತದೆ. ಮೊಣಕೈ, ಹಿಮ್ಮಡಿಗಳು ಸ್ವಲ್ಪ ಸೀದುಹೋದಂತೆ ಕಾಣುವುದುಂಟು, ಮತ್ತು ಆ ಬಣ್ಣ ಬಿಸಿಲನ್ನು ತಡೆಯುವುದಿಲ್ಲ. ಹಚ್ಚಿಕೊಳ್ಳಲು ಒಪ್ಪಿಗೆಯಿದೆ, ಉಸಿರಾಡಲು ಇಲ್ಲ ಎಂಬುದು ಅಮೆರಿಕದ ಔಷಧ ಇಲಾಖೆಯ ನಿಲುವು. ಸ್ಪ್ರೇ ಹೊಡೆಯುವಾಗ ಕಣ್ಣು, ತುಟಿ, ಮೂಗು ಮುಚ್ಚುತ್ತೀರಾ ಎಂದು ಫೋನಿನಲ್ಲಿ ಕೇಳಿದ್ದಕ್ಕೆ “ಮುಖವೇ ಅಲ್ಲವೇ ಸರ್ ಮುಖ್ಯ” ಎಂದಳು ಪಾಪ, ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.

ಇಲ್ಲಿಯವರೆಗೆ ನಗುತ್ತಲೇ ಬರೆದೆ. ಕರಪತ್ರದ ಎರಡನೆಯ ಸಾಲಿಗೆ ಬಂದರೆ ನಗು ಬರುವುದಿಲ್ಲ. ಬಿಸಿಲಿನ ಬಣ್ಣ ಚರ್ಮ ಉದುರಿ ಹೊಸದಾಗುತ್ತಿದ್ದಂತೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಆದರೆ ಲಗ್ನಪತ್ರಿಕೆ ಅಚ್ಚಾದ ಮನೆಗೆ ಅಷ್ಟು ವಾರಗಳ ಪುರಸತ್ತಿಲ್ಲ. ನಮ್ಮ ಸಂಬಂಧಿಕರ ಹುಡುಗಿಯೊಬ್ಬಳು, ಗಂಡಿನ ಕಡೆಯವರು “ಫೋಟೋದಲ್ಲಿ ಬೆಳ್ಳಗಿದ್ದಳಲ್ಲ” ಎಂದರೆಂದು, ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತಂದ ಸ್ಟೀರಾಯ್ಡ್ ಮುಲಾಮನ್ನು ಆರು ತಿಂಗಳು ಹಚ್ಚಿಕೊಂಡಳು. ಮೊದಲ ತಿಂಗಳು ಎಲ್ಲರೂ ಹೊಗಳಿದರು. ಈಗ ಅವಳ ಕೆನ್ನೆಯ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಅಂಗಳಕ್ಕೆ ಬಟ್ಟೆ ಒಣಗಿಸಲು ಹೋದರೂ ಮುಖ ಉರಿಯುತ್ತದೆ. ಚೀಟಿಯಿಲ್ಲದೆ ಅದನ್ನು ಮಾರಬಾರದೆಂಬ ನಿಯಮವಿದೆ. ಮಾರಿದವನ ಅಂಗಡಿ ತೆರೆದೇ ಇದೆ, ಮಾತಾಡಿದವರ ಮನೆಯಲ್ಲಿ ಮದುವೆ ಮುಗಿದಿದೆ. ಗದ್ದೆಯಲ್ಲಿ ದಿನವಿಡೀ ನಿಂತು ಬಂದ ಬಣ್ಣವನ್ನು ದೋಷವೆಂದು ಕರೆಯುವವರ ಹತ್ತಿರ ವಾದ ಮಾಡಿ ಮಾಡಿ ನನಗೆ ಸಾಕಾಗಿದೆ.

ಅಂದು ಸಂಜೆ ತೀರ್ಥಹಳ್ಳಿಯ ಹತ್ತಿರದ ಗೆಳೆಯರೊಬ್ಬರ ಮನೆಗೆ ಹೋದಾಗ ಹಿತ್ತಲಲ್ಲಿ ಅಡಿಕೆ ಬೇಯುತ್ತಿತ್ತು. ಮೊಣಕೈವರೆಗೂ ಚೊಗರಿನ ಬಣ್ಣ ಹತ್ತಿದ್ದ ಹಿರಿಯರೊಬ್ಬರು ಹಂಡೆ ಕಲಕುತ್ತಿದ್ದರು. ನಾನು ಜೇಬಿನಿಂದ ಕರಪತ್ರ ತೆಗೆದು ಒಂಬತ್ತನೆಯ ಸಾಲನ್ನು ಓದಿ, ಸ್ಪ್ರೇಯ ಕೆಲಸವನ್ನೂ ದರವನ್ನೂ ವಿವರಿಸಿದೆ. ಅವರು ಜಾಲರಿ ಸೌಟಿನಲ್ಲಿ ನಾಲ್ಕು ಅಡಿಕೆ ಎತ್ತಿ, ಬೆಳಕಿಗೆ ಹಿಡಿದು ಬಣ್ಣ ನೋಡಿ, “ಎಷ್ಟು ದಿನ ನಿಲ್ಲುತ್ತಂತೆ ಅದು?” ಎಂದು ಕೇಳಿದರು.

“ಐದರಿಂದ ಏಳು ದಿನ.”

“ಎಂತ ಮಾರಾಯ್ರೆ,” ಎಂದು ಅಡಿಕೆಯನ್ನು ಮತ್ತೆ ಹಂಡೆಗೆ ಬಿಟ್ಟರು, “ಮಂಡಿಗೆ ಹೋಗುವವರೆಗೂ ಬರುವುದಿಲ್ಲವಲ್ಲ.”